ಒಂದೇ ಮೂಗಿನ ದ್ರವ, ಹಲವು ಸಂಖ್ಯೆ: ಅಮೆರಿಕದ ಆಸ್ಪತ್ರೆಯ ಬಿಲ್ಲು ಓದುವ ಬಗೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಬೆಳೆಗಾರ ದಂಪತಿಗಳು ಈಗ ಅಪರೂಪವಲ್ಲ. ಅಲ್ಲಿ ಶೀತ, ಜ್ವರವೆಂದು ವೈದ್ಯರ ಬಳಿ ಹೋದರೆ, ಬಿಲ್ಲು ಹಲವು ದಿನಗಳ ನಂತರ ಅಂಚೆಯಲ್ಲಿ ಬರುವುದುಂಟು. ಅದರಲ್ಲಿ ಮಾಡಿದ ಪ್ರತಿ ಕೆಲಸಕ್ಕೂ ಒಂದು ಐದಂಕಿಯ ಸಂಖ್ಯೆ ಇರುತ್ತದೆ. ವಿಮೆಯವರು ಎಷ್ಟು ಕೊಡುತ್ತಾರೆ, ನಾವೆಷ್ಟು ತೆರಬೇಕು ಎಂಬುದು ಬಹುಮಟ್ಟಿಗೆ ಈ ಸಂಖ್ಯೆಯನ್ನೇ ಅವಲಂಬಿಸಿದೆ.

ಒಂದೇ ತೋಟದ ಅಡಿಕೆಯಾದರೂ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿದ ಮೇಲೆಯೇ ಮಂಡಿಯಲ್ಲಿ ಧಾರಣೆ ನಿಗದಿಯಾಗುವುದು ನಮಗೆಲ್ಲ ತಿಳಿದದ್ದೇ. ಅಲ್ಲಿನ ವೈದ್ಯಕೀಯದಲ್ಲಿ ಈ ವಿಂಗಡಣೆಯ ಕೆಲಸವನ್ನು ಸಂಖ್ಯೆ ಮಾಡುತ್ತದೆ. ಸಿ.ಪಿ.ಟಿ. ಎಂಬ ಈ ಪಟ್ಟಿಯನ್ನು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲು ಪ್ರಕಟಿಸಿತು.

ಕೋವಿಡ್ ಬಂದಾಗ ಅದರ ಪರೀಕ್ಷೆಗೆ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆ ಇರಲಿಲ್ಲ. 2020ರ ಮಾರ್ಚ್ 13ರಂದು 87635 ಎಂಬುದನ್ನು ಸೇರಿಸಲಾಯಿತು. ಇದು ವೈರಸ್ಸಿನ ತಳಿದ್ರವ್ಯವನ್ನು ಹೆಚ್ಚಿಸಿ ಪತ್ತೆಹಚ್ಚುವ, ಪಿ.ಸಿ.ಆರ್. ಮುಂತಾದ ಪರೀಕ್ಷೆಗೆ. ವೈರಸ್ಸಿನ ಪ್ರೋಟೀನನ್ನು ಗುರುತಿಸುವ ಆಂಟಿಜೆನ್ ಪರೀಕ್ಷೆಗಳಿಗೆ ಅದೇ ವರ್ಷ ಬೇರೆ ಸಂಖ್ಯೆಗಳು ಬಂದವು. ಫಲಿತಾಂಶವನ್ನು ಯಂತ್ರ ಓದಿದರೆ 87426; ಪಟ್ಟಿಯ ಮೇಲಿನ ಗೆರೆಯನ್ನು ಕಣ್ಣಿನಿಂದಲೇ ನೋಡಿ ಹೇಳಿದರೆ 87811. ಕೋವಿಡ್, ಇನ್‌ಫ್ಲುಯೆಂಜಾ, ಆರ್.ಎಸ್.ವಿ. ಮೂರನ್ನೂ ತಳಿದ್ರವ್ಯದಿಂದ ಒಟ್ಟಿಗೆ ನೋಡುವ ಪರೀಕ್ಷೆಗೆ 87637.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಸಂಖ್ಯೆ ರೋಗವನ್ನಷ್ಟೇ ಅಲ್ಲ, ಪರೀಕ್ಷೆ ಮಾಡಿದ ವಿಧಾನವನ್ನೂ ಹೇಳುತ್ತದೆ. ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್ 87811ಕ್ಕೆ ಸುಮಾರು 41 ಡಾಲರ್, 87635ಕ್ಕೆ 51 ಡಾಲರ್, 87637ಕ್ಕೆ 142 ಡಾಲರ್ ದರ ನಿಗದಿ ಮಾಡಿತು. ಮೂಗಿನಿಂದ ತೆಗೆದ ದ್ರವ ಒಂದೇ. ಬೆಲೆ ಮಾತ್ರ ಮೂರು ಪಟ್ಟಿಗೂ ಹೆಚ್ಚು. ಖಾಸಗಿ ಆಸ್ಪತ್ರೆಗಳು ಹಾಕುವ ಮೊತ್ತ ಇದಕ್ಕಿಂತ ಬೇರೆಯಾಗಿರಬಹುದು.

ಬೇಗ ಫಲಿತಾಂಶ ಬಂದಿತೆಂದ ಮಾತ್ರಕ್ಕೆ ಅದು ಆಂಟಿಜೆನ್ ಪರೀಕ್ಷೆಯೆಂದು ತಿಳಿಯಬಾರದು. ಕಾಲು ಗಂಟೆಯೊಳಗೆ ತಳಿದ್ರವ್ಯವನ್ನು ಪತ್ತೆಹಚ್ಚುವ ಯಂತ್ರಗಳೂ ಇವೆ. ಅವುಗಳಿಗೆ 87635 ಎಂದು ಬರೆಯುವುದು ಸರಿಯೇ.

ಕೋವಿಡ್ ಪರೀಕ್ಷೆಗೆ ರೋಗಿಯಿಂದ ಹಣ ಪಡೆಯಬಾರದೆಂದು ಅಲ್ಲಿನ ಹೆಚ್ಚಿನ ಆರೋಗ್ಯ ವಿಮೆಗಳಿಗಿದ್ದ ಕಟ್ಟುಪಾಡು 2023ರ ಮೇ 11ರಂದು ತುರ್ತುಸ್ಥಿತಿಯೊಡನೆ ಮುಗಿಯಿತು. ಪ್ರವಾಸಿ ವಿಮೆಯಲ್ಲಂತೂ ಮೊದಲ ಇಷ್ಟು ಡಾಲರನ್ನು ನಾವೇ ಭರಿಸಬೇಕೆಂಬ ಷರತ್ತು ಸಾಮಾನ್ಯ. ಆದುದರಿಂದ ಸಣ್ಣ ಪರೀಕ್ಷೆಯ ಖರ್ಚೂ ನಮ್ಮ ಕೈಯಿಂದಲೇ ಹೋಗಬಹುದು.

ಹೋಗುವ ಸದಸ್ಯರು ಮೂರು ವಿಷಯ ನೆನಪಿಡುವುದು ಒಳ್ಳೆಯದು. ಪರೀಕ್ಷೆಗೆ ಮೊದಲು, ಯಾವ ವಿಧಾನ, ಯಾವ ಸಂಖ್ಯೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಒಟ್ಟು ಮೊತ್ತದ ಚೀಟಿಗೆ ತೃಪ್ತರಾಗದೆ, ಬಾಬುವಾರು ವಿವರವಿರುವ ಬಿಲ್ಲನ್ನು ಕೇಳಿ ಪಡೆಯಬೇಕು. ಗೆರೆ ನೋಡಿ ಹೇಳಿದ ಪರೀಕ್ಷೆಗೆ 87637 ಎಂದಿದ್ದರೆ, ಹಣ ಕಟ್ಟುವ ಮೊದಲೇ ಬಿಲ್ಲಿನ ವಿಭಾಗಕ್ಕೆ ತಿಳಿಸಬೇಕು. ತಪ್ಪಿದ್ದರೆ ತಿದ್ದಿ ವಿಮೆಗೆ ಮತ್ತೆ ಕಳುಹಿಸುವ ಕ್ರಮ ಅಲ್ಲಿದೆ.

ಮಂಡಿಯಲ್ಲಿ ತೂಕವನ್ನೂ ದರ್ಜೆಯನ್ನೂ ನೋಡದೆ ಲೆಕ್ಕದ ಚೀಟಿ ಒಪ್ಪುವವರು ನಾವಲ್ಲ. ಆಸ್ಪತ್ರೆಯ ಬಿಲ್ಲಿಗೂ ಅದೇ ಎಚ್ಚರಿಕೆ ಸಾಕು.