ಡಿಸ್ಕಸ್ ಮೀನು ಸಾಕಣೆ: ಲಾಭ ನಷ್ಟಗಳೆರಡೂ ನೀರಿನಲ್ಲಿ

ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ ಡಿಸ್ಕಸ್‌ಗೆ ವಿಶೇಷ ಸ್ಥಾನವಿದೆ. ತಟ್ಟೆಯಂತೆ ದುಂಡಗಿರುವ ಈ ಮೀನಿನ ಮೂಲ ನೆಲೆ ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನ ಪ್ರದೇಶ. ಬೆಲೆ ಹೆಚ್ಚು, ಆದುದರಿಂದ ಒಂದೇ ತೊಟ್ಟಿಯ ಮೀನುಗಳು ಸತ್ತರೂ ವರ್ತಕರಿಗಾಗುವ ನಷ್ಟ ಅಲ್ಪವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇದನ್ನು ಸಾಕುವವರೂ ಮಾರುವವರೂ ಮೊದಲು ಅರಿಯಬೇಕಾದುದು ನೀರಿನ ವಿಚಾರವನ್ನು.

ಗಡಸು ನೀರಿನ ಪ್ರಶ್ನೆ

ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಡಿಸ್ಕಸ್ ಬಯಸುವುದು ಮೃದುವಾದ, ತುಸು ಆಮ್ಲೀಯ ನೀರನ್ನು. ಆದರೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನುಗಳು ಸಾಧಾರಣ ಗಡಸು ನೀರಿಗೂ ಹೊಂದಿಕೊಳ್ಳುತ್ತವೆ. ಮೃದು ನೀರು ಅನಿವಾರ್ಯವಾಗುವುದು ಸಂತಾನೋತ್ಪತ್ತಿಗೆ; ಗಡಸು ನೀರಿನಲ್ಲಿ ಮೊಟ್ಟೆಗಳು ಫಲಿತವಾಗುವುದು ಕಷ್ಟ. ಮನೆಯ ಹವ್ಯಾಸಿಗೆ ಇದನ್ನು ತಿಳಿಸಿದರೆ ಅನಗತ್ಯ ಖರ್ಚು ತಪ್ಪುತ್ತದೆ.

ಮರಿ ಮಾಡಿಸುವವರು ಆರ್‌ಒ ಯಂತ್ರವನ್ನು ಆಶ್ರಯಿಸುವುದುಂಟು. 200 ಲೀಟರ್ ತೊಟ್ಟಿಯಲ್ಲಿ ದಿನಕ್ಕೆ ಕಾಲುಭಾಗ ನೀರು ಬದಲಿಸಿದರೆ ವರ್ಷಕ್ಕೆ ಸುಮಾರು 18,000 ಲೀಟರ್ ಬೇಕು. ಸಣ್ಣ ಯಂತ್ರಗಳಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹೋಗುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ಅತಿಬಳಕೆಯ ಪಟ್ಟಿಯಲ್ಲಿ ಸೇರಿರುವುದರಿಂದ ಈ ಪೋಲು ಉಪೇಕ್ಷಿಸತಕ್ಕದ್ದಲ್ಲ. ಹೊರಬಂದ ನೀರನ್ನು ನೆಲ ತೊಳೆಯಲು ಬಳಸಬಹುದು. ಮಳೆನೀರು ಇನ್ನೂ ಉತ್ತಮ: 100 ಚದರ ಮೀಟರ್ ಚಾವಣಿಯ ಮೇಲೆ 800 ಮಿ.ಮೀ. ಮಳೆಯಾದರೆ 80,000 ಲೀಟರ್ ನೀರು ಬೀಳುತ್ತದೆ. ಮೊದಲ ಮಳೆಯನ್ನು ಹೊರಬಿಟ್ಟು, ಸೋಸಿ, ಸ್ವಲ್ಪ ಕೊಳವೆಬಾವಿ ನೀರು ಬೆರೆಸಿ ಬಳಸಬೇಕು. ಕೇವಲ ಮಳೆನೀರಿನಲ್ಲಿ ಆಮ್ಲೀಯತೆ ಹಠಾತ್ತನೆ ಏರುವ ಅಪಾಯವಿದೆ.

ತೊಟ್ಟಿಯ ನಿರ್ವಹಣೆ

ಡಿಸ್ಕಸ್ ಗುಂಪಿನಲ್ಲಿ ಬಾಳುವ ಮೀನು. ಐದಾರು ಮೀನುಗಳನ್ನು ಒಟ್ಟಿಗೆ ಇಟ್ಟು, ಬೆಳೆದ ಒಂದೊಂದಕ್ಕೂ ಸುಮಾರು 40 ಲೀಟರ್ ನೀರು ಒದಗಿಸಬೇಕು. ಹೊಸ ತೊಟ್ಟಿಗೆ ಕೂಡಲೇ ಮೀನು ಬಿಡುವುದೇ ಸಾವುಗಳಿಗೆ ಮುಖ್ಯ ಕಾರಣ. ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲಾಡಿಸಿಯೇ ಬಳಸಬೇಕು.

ಉಷ್ಣತೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಜನವರಿಯ ರಾತ್ರಿಗಳಲ್ಲಿ ಇಲ್ಲಿನ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಹೀಟರ್ ಅವಶ್ಯ. ವಿದ್ಯುತ್ ಕಡಿತವಾದಾಗ ಗಾಳಿಯ ಪಂಪಿಗಾದರೂ ಬ್ಯಾಟರಿ ಇರಲಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ.

ಹೊಸದಾಗಿ ತಂದ ಮೀನನ್ನು ಮೂರು ನಾಲ್ಕು ವಾರ ಪ್ರತ್ಯೇಕವಾಗಿರಿಸಬೇಕು. ಮೈ ಕಪ್ಪಾಗುವುದು, ಆಹಾರ ಬಿಡುವುದು, ಬಿಳಿಯ ಮಲ, ಒಂದೇ ಕಿವಿರಿನಲ್ಲಿ ಉಸಿರಾಟ ಇವು ರೋಗದ ಸೂಚನೆಗಳು. ಔಷಧಕ್ಕೆ ಮುನ್ನ ನೀರನ್ನು ಪರೀಕ್ಷಿಸುವುದು ಜಾಣತನ.

ಉದ್ದಿಮೆಯಾಗಿ

ಡಿಸ್ಕಸ್ ಮರಿಗಳು ಮೊದಲ ದಿನಗಳಲ್ಲಿ ತಂದೆತಾಯಿಗಳ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಆದುದರಿಂದ ಇತರ ಮೀನುಗಳಂತೆ ಮರಿಗಳನ್ನು ಕೂಡಲೇ ಬೇರ್ಪಡಿಸಿ ಉತ್ಪಾದನೆ ಹೆಚ್ಚಿಸುವುದು ಸುಲಭವಲ್ಲ. ಹೊಸಬರು ಗಪ್ಪಿ, ಮೋಲಿಗಳಿಂದ ಆರಂಭಿಸಿ ಅನುಭವ ಗಳಿಸುವುದು ಲೇಸು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂ. ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 60 ಸಹಾಯಧನ ಗೊತ್ತುಪಡಿಸಿತು. ಹಣ ತೊಡಗಿಸುವ ಮುನ್ನ ಪ್ರಸಕ್ತ ಸಾಲಿನ ನಿಯಮಗಳನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು. ಸಿಹಿನೀರು ಮೀನು ಕೃಷಿ ಸಂಶೋಧನೆಯ ಕೇಂದ್ರ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಹೆಸರಘಟ್ಟದಲ್ಲಿಯೇ ಇರುವುದು ಜಿಲ್ಲೆಯ ಉದ್ದಿಮೆದಾರರಿಗೆ ಅನುಕೂಲ.

ಮೀನಿನೊಂದಿಗೆ ನೀರಿನ ತಿಳಿವಳಿಕೆಯನ್ನೂ ಕೊಟ್ಟು ಕಳುಹಿಸುವ ಅಂಗಡಿಗೆ ಗ್ರಾಹಕ ಮತ್ತೆ ಬರುತ್ತಾನೆ.