ತಪ್ಪಿನಲ್ಲಿ ನಮ್ಮ ಪಾಲು

ಶ್ರೀರಂಗಪಟ್ಟಣದಲ್ಲಿ 1799ನೆಯ ಇಸವಿಯ ಮಾತೆತ್ತಿದರೆ, ಕೋಟೆ ಬಿದ್ದುದು ಮೀರ್ ಸಾದಿಕನ ದ್ರೋಹದಿಂದ ಎಂಬ ಉತ್ತರವು ಒಡನೆಯೇ ದೊರಕುವುದು. ದೋಷವನ್ನೆಲ್ಲ ಒಬ್ಬನ ತಲೆಗೆ ಕಟ್ಟಿದರೆ ಉಳಿದವರು ನಿರ್ದೋಷಿಗಳಾಗುವುದು ಎಷ್ಟು ಸುಲಭ!

ಕೋಟೆ ಬಿದ್ದ ಬಳಿಕ, ಟಿಪ್ಪುವಿನ ಕಾಲದಲ್ಲಿ ಚೆದರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಫ್ರಾನ್ಸ್ ದೇಶದ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದುಬಾಯ್ ಅವರು ಇಲ್ಲಿಗೆ ಬಂದರು. ಮಡಿದ ಅರಸನನ್ನು ದೂರುತ್ತ ಕುಳಿತಿದ್ದರೆ ಕೇಳುವವರಿಗೇನೂ ಕೊರತೆಯಿರಲಿಲ್ಲ. ಅವರಾದರೋ ಬಡವರಿಗೆ ಬೇಸಾಯದ ನೆಲೆಗಳನ್ನು ಕಲ್ಪಿಸಿದರು. ಸಿಡುಬಿಗೆ ದಾಕು ಹಾಕಿಸುವ ಹೊಣೆ ಹೊತ್ತರು. 1803–04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ದಾಕು ಹಾಕಿಸಿಕೊಂಡವರು 25,000ಕ್ಕೂ ಮಿಕ್ಕವರು.

ಈ ನಡತೆಗೆ ಅವರ ಮತದಲ್ಲಿಯೇ ಆಧಾರವುಂಟು. ಆದಾಮನು ಪತ್ನಿಯನ್ನು ದೂರಿದನು, ಆಕೆ ಸರ್ಪವನ್ನು ದೂರಿದಳು. ಇಬ್ಬರೂ ಉದ್ಯಾನವನ್ನು ಕಳೆದುಕೊಂಡರು. ಕ್ಯಾಥೊಲಿಕರು ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು, ತಪ್ಪು ತಮ್ಮದೇ ಎಂದು ಒಪ್ಪಿಕೊಳ್ಳುವರು. ಪಾಪನಿವೇದನೆಯಲ್ಲಿಯೂ ಹೇಳಬೇಕಾದುದು ತನ್ನ ದೋಷವನ್ನು; ನೆರೆಯವನದನ್ನಲ್ಲ. ಅನ್ಯರಲ್ಲಿ ತಪ್ಪೇ ಇಲ್ಲವೆಂದು ಇದರ ಅರ್ಥವಲ್ಲ. ತಿದ್ದಲು ನಮ್ಮ ಕೈಗೆ ದಕ್ಕುವುದು ನಮ್ಮ ಪಾಲೊಂದೇ.

ನಾವು ಉಪಾಧ್ಯಾಯರಾಗಿದ್ದಾಗ, ಹುಡುಗನೊಬ್ಬನು ಪಾಠದಲ್ಲಿ ಹಿಂದೆ ಬಿದ್ದರೆ ಮನೆಯವರನ್ನು ದೂರುತ್ತಿದ್ದೆವು; ಮನೆಯವರು ನಮ್ಮನ್ನು ದೂರುತ್ತಿದ್ದರು. ಈ ವಾದದಲ್ಲಿ ಯಾರೂ ಸೋಲಲಿಲ್ಲ. ಓದು ಕೆಟ್ಟುದು ಮಾತ್ರ ಹುಡುಗನದು. ಅವನ ಪಕ್ಕದಲ್ಲಿ ಇನ್ನರ್ಧ ಗಂಟೆ ಕುಳಿತು ಪಾಠ ಹೇಳಬಹುದಾಗಿದ್ದಿತು. ಹೇಳಲಿಲ್ಲ. ಅಷ್ಟು ನಮ್ಮ ಪಾಲು.

ವಾಚಕ ಮಹಾಶಯರೇ, ಇಂದು ರಾತ್ರಿ ದೀಪವಾರಿಸುವ ಮುನ್ನ ತಮ್ಮ ಪಾಲನ್ನೊಮ್ಮೆ ಎಣಿಸಿ ನೋಡಿರಿ.