ಮರುಕಳಿಸಿದರೆ ಮಾತ್ರ ಮದ್ದು

ಓದುತ್ತಿರುವ ಪುಸ್ತಕದ ಪುಟ ತಪ್ಪಿಹೋಗದಿರಲೆಂದು ನಡುವೆ ನವಿಲುಗರಿ ಇಡುವ ಅಭ್ಯಾಸ ಹಳೆಯದು. ಕಂಪ್ಯೂಟರಿನಲ್ಲಿ ಬರಹ ತಿದ್ದುವ ತಂತ್ರಾಂಶಗಳಲ್ಲೂ ಇಂಥದೊಂದು ಗುರುತು ಉಂಟು. ಅದೇ ಬುಕ್‌ಮಾರ್ಕ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್2 ಕೀಲಿ ಒತ್ತಿದರೆ ಸಾಲಿಗೆ ಗುರುತು ಬೀಳುತ್ತದೆ. ಬರೀ ಎಫ್2 ಒತ್ತಿದರೆ ಮುಂದಿನ ಗುರುತಿಗೆ ಜಿಗಿಯಬಹುದು.

ಯಾವುದೋ ತಂತ್ರಾಂಶದಲ್ಲಿ ಈ ಜಿಗಿತ ತಪ್ಪುತ್ತಿದೆ ಎನ್ನೋಣ. ‘ಬುಕ್‌ಮಾರ್ಕ್ ಕೆಟ್ಟಿದೆ’ ಎಂದು ದೂರಿದರೆ ಅದನ್ನು ಬರೆದ ಎಂಜಿನಿಯರಿಗೆ ಏನೂ ತಿಳಿಯದು. ಅವರ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅದರ ಬದಲು ಹೀಗೆ ಹೇಳಿದರೆ? ‘ಹತ್ತು ಸಾಲು ಬರೆಯಿರಿ. 3 ಮತ್ತು 8ನೇ ಸಾಲಿಗೆ ಗುರುತು ಹಾಕಿ. 5ನೇ ಸಾಲಿನ ಮೇಲೆ ಎರಡು ಹೊಸ ಸಾಲು ಸೇರಿಸಿ. ಮೊದಲ ಸಾಲಿಗೆ ಬಂದು ಎರಡು ಸಲ ಎಫ್2 ಒತ್ತಿ. 10ನೇ ಸಾಲಿಗೆ ಹೋಗಬೇಕಿತ್ತು, 8ಕ್ಕೇ ನಿಲ್ಲುತ್ತದೆ.’ ಈಗ ಕಾರಣ ತಾನಾಗಿ ಹೊಳೆಯುತ್ತದೆ. ಗುರುತು ಸಾಲಿನೊಂದಿಗೆ ಸರಿಯದೆ, ಹಳೆಯ ಸಂಖ್ಯೆಯನ್ನೇ ಹಿಡಿದು ಕೂತಿದೆ!

ಶಾಲೆಯ ಪ್ರಯೋಗಶಾಲೆಯ ನಿಯಮವೂ ಇದೇ. ಅದೇ ಪರಿಸ್ಥಿತಿ, ಅದೇ ಕ್ರಮ, ಅದೇ ಫಲಿತಾಂಶ.

ಎಂಟು ಸೆಕೆಂಡಿನ ರಹಸ್ಯ

ಈ ಕ್ರಮ ತಪ್ಪಿದರೆ ಏನಾದೀತು? 1986ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಊರಿನಲ್ಲಿ ನಡೆದದ್ದು ಇದಕ್ಕೆ ಉತ್ತರ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಥೆರಾಕ್–25 ಎಂಬ ವಿಕಿರಣ ಯಂತ್ರವಿತ್ತು. ಅದನ್ನು ನಡೆಸುತ್ತಿದ್ದುದು ಕಂಪ್ಯೂಟರ್. ಎಲೆಕ್ಟ್ರಾನ್ ಚಿಕಿತ್ಸೆಗೆಂದು ‘ಇ’ ಒತ್ತಬೇಕಾದಲ್ಲಿ ನಿರ್ವಾಹಕಿ ‘ಎಕ್ಸ್’ ಒತ್ತಿದರು. ತಪ್ಪು ತಿಳಿದ ಕೂಡಲೇ ಕರ್ಸರನ್ನು ಮೇಲಕ್ಕೆ ಒಯ್ದು ತಿದ್ದಿದರು. ಪರದೆಯಲ್ಲಿ ‘ಮಾಲ್‌ಫಂಕ್ಷನ್ 54’ ಎಂಬ ಸಂದೇಶ ಮೂಡಿತು. ರೋಗಿಗೆ ಭಾರಿ ಪ್ರಮಾಣದ ವಿಕಿರಣ ತಗುಲಿತ್ತು.

ಕಂಪನಿಯ ಎಂಜಿನಿಯರುಗಳು ಪರೀಕ್ಷಿಸಿದರು. ದೋಷ ಮರುಕಳಿಸಲಿಲ್ಲ. ಯಂತ್ರ ಮತ್ತೆ ಕೆಲಸಕ್ಕಿಳಿಯಿತು. ಏಪ್ರಿಲ್ 11ರಂದು ಇನ್ನೊಬ್ಬ ರೋಗಿಗೂ ಅದೇ ಗತಿಯಾಯಿತು. ಇಬ್ಬರೂ ಬದುಕಿ ಉಳಿಯಲಿಲ್ಲ.

ಆಗ ಆಸ್ಪತ್ರೆಯ ಭೌತವಿಜ್ಞಾನಿ, ಅದೇ ನಿರ್ವಾಹಕಿಯನ್ನು ಕೂರಿಸಿಕೊಂಡು ಅದೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತಿಸಿ ನೋಡಿದರು. ಕೊನೆಗೆ ಗುಟ್ಟು ಬಯಲಾಯಿತು. ಅದು ಅಡಗಿದ್ದುದು ವೇಗದಲ್ಲಿ! ಯಂತ್ರದ ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕಿತ್ತು. ಅಷ್ಟರೊಳಗೆ ತಿದ್ದಿ ಮುಗಿಸಿದರೆ ಆ ತಿದ್ದುಪಡಿ ತಂತ್ರಾಂಶದ ಗಮನಕ್ಕೇ ಬರುತ್ತಿರಲಿಲ್ಲ. ನಿಧಾನವಾಗಿ ಒತ್ತಿದವರಿಗೆ ದೋಷ ಕಾಣದೆ ಹೋದದ್ದು ಇದರಿಂದಲೇ. ತಾತ್ಕಾಲಿಕ ಪರಿಹಾರವಾಗಿ ಕರ್ಸರನ್ನು ಮೇಲಕ್ಕೆ ಒಯ್ಯುವ ಕೀಲಿಯನ್ನೇ ಕಿತ್ತು ಟೇಪು ಅಂಟಿಸಬೇಕೆಂದು ಕಂಪನಿ ಸೂಚಿಸಿತು.

‘ಕಂಪ್ಯೂಟರ್ ಕೆಟ್ಟಿದೆ’ ಎಂದು ಮಗು ಬಂದು ಹೇಳಿದಾಗ ತಂದೆತಾಯಿ ಗದರಬೇಕಿಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕು: ಏನೇನು ಮಾಡಿದೆ? ಏನಾಗಬೇಕಿತ್ತು? ಏನಾಯಿತು? ಉತ್ತರವನ್ನು ಕಾಗದದ ಮೇಲೆ ಬರೆಸಿ, ಇನ್ನೊಮ್ಮೆ ಮಾಡಿ ತೋರಿಸಲು ಹೇಳಬೇಕು. ವಿಜ್ಞಾನದ ಮೊದಲ ಪಾಠ ಅಲ್ಲಿಂದಲೇ ಶುರುವಾಗುತ್ತದೆ.